ಆಕಾಶದ ಕಾಲುವೆಗೆ ನೀರಗಂಟಿ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟು ಹುಣಸಗಿ, ಸುರಪುರ, ಶಹಾಪುರಗಳ ಹೊಲಗದ್ದೆಗಳಿಗೆ ಕೃಷ್ಣೆಯ ನೀರನ್ನು ಹೊತ್ತು ತರುವ ಎಡದಂಡೆ ಕಾಲುವೆಯ ಆಸುಪಾಸಿನಲ್ಲಿ ಬಾಳುವವರಿಗೆ ವಾರಾಬಂದಿ ಎಂಬ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಮೇಲಿನವನು ತನ್ನ ತೂಬನ್ನು ಮುಚ್ಚಿದರೆ ಮಾತ್ರ ಕೊನೆಯ ಹೊಲದವನ ಭತ್ತಕ್ಕೆ ಜೀವ. ಅವನು ಮರೆತನೆಂದರೆ, ಇಲ್ಲವೆ ಬೇಕೆಂದೇ ಮರೆತನೆಂದರೆ, ಅಪರಾತ್ರಿಯಲ್ಲಿ ಕಾಲುವೆಯ ಏರಿಯ ಮೇಲೆ ಜಗಳ. ಹರಿಯುವ ನೀರು ಯಾರೊಬ್ಬರ ಸ್ವತ್ತೂ ಅಲ್ಲವಾದುದರಿಂದಲೇ ಅದಕ್ಕೆ ಕಟ್ಟುಪಾಡು ಬೇಕಾಗುತ್ತದೆ, ಕಟ್ಟುಪಾಡನ್ನು ಕಾಯುವುದಕ್ಕೆ ಒಬ್ಬ ನೀರಗಂಟಿಯೂ ಬೇಕಾಗುತ್ತಾನೆ.

ಇಂತಹುದೇ ಇನ್ನೊಂದು ಕಾಲುವೆ ನಮ್ಮ ಸಗರನಾಡಿನ ಮಾಳಿಗೆಗಳ ಮೇಲೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮೇಲೆ, ಯಾದಗಿರಿಯ ಕೋಟೆಯ ಮೇಲೆ ಹಗಲಿರುಳೂ ಕಣ್ಣಿಗೆ ಕಾಣದಂತೆ ಹರಿಯುತ್ತಿದೆ. ಅದು ರೇಡಿಯೊ ತರಂಗಗಳ ಕಾಲುವೆ. ಅದರಲ್ಲಿ ಸರಕಾರಕ್ಕೆ, ಸೇನೆಗೆ, ವಿಮಾನಗಳಿಗೆ, ಮೊಬೈಲು ಕಂಪನಿಗಳಿಗೆ ಸಲ್ಲುವ ಪಾಲುಗಳೆಲ್ಲ ಹೋದ ಮೇಲೆ, ಲಾಭದ ಅಪೇಕ್ಷೆಯಿಲ್ಲದೆ ಕೇವಲ ಜಿಜ್ಞಾಸೆಯಿಂದಲೂ ಸ್ನೇಹದಿಂದಲೂ ಮಾತನಾಡಬಯಸುವ ಸಾಮಾನ್ಯ ಮನುಷ್ಯರಿಗಾಗಿ ಕೆಲವು ಕಿರುಗಾಲುವೆಗಳನ್ನು ಮೀಸಲಿಡಲಾಗಿದೆ. 1927ರಲ್ಲಿ ವಾಷಿಂಗ್ಟನ್ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ಮೊತ್ತಮೊದಲು ಹೀಗೆ ಪಾಲು ಮಾಡಿಕೊಟ್ಟಿತು. ಆ ಪಾಲಿನ ಹಕ್ಕುದಾರರೇ ಹವ್ಯಾಸಿ ರೇಡಿಯೊದವರು. ಜನರ ಬಾಯಲ್ಲಿ ಹ್ಯಾಮ್‌ಗಳು.

ಕನ್ನಡ ನಾಡಿಗೆ ಈ ಹವ್ಯಾಸ ಹೊಸತಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಪುಟ್ಟ ಪ್ರೇಷಕವೊಂದನ್ನು ಹೂಡಿ ಬಾನುಲಿಯನ್ನು ಆರಂಭಿಸಿದುದೂ, ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾದುದೂ ಹಲವರಿಗೆ ತಿಳಿದ ಸಂಗತಿ. ಇಂದು ಈ ವಿದ್ಯೆಗೆ ಪ್ರವೇಶ ಬಯಸುವವರು ಕೇಂದ್ರ ಸರಕಾರದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹನ್ನೆರಡು ವರ್ಷ ತುಂಬಿದ ಯಾರಾದರೂ ಅದಕ್ಕೆ ಕುಳಿತುಕೊಳ್ಳಬಹುದು. ತೇರ್ಗಡೆಯಾಗಿ ಪರವಾನಗಿ ಪಡೆದವರಿಗೆ ವಿಯು2 ಅಥವಾ ವಿಯು3 ಎಂದು ಆರಂಭವಾಗುವ, ಜಗತ್ತಿನಲ್ಲಿ ಇನ್ನೊಬ್ಬರಿಗಿಲ್ಲದ ಒಂದು ಕರೆನಾಮ ದೊರೆಯುತ್ತದೆ. ಆ ಪರೀಕ್ಷೆಯಲ್ಲಿ ವಿದ್ಯುತ್ತಿನ ಶಾಸ್ತ್ರ ಒಂದು ಭಾಗವಾದರೆ ನಿಯಮಗಳು ಇನ್ನೊಂದು ಭಾಗ. ಯಂತ್ರದ ಒಳಗನ್ನು ಬಲ್ಲವನಾದರೂ ಗಾಳಿಯಲ್ಲಿ ನಡೆದುಕೊಳ್ಳುವ ರೀತಿಯನ್ನರಿಯದವನಿಗೆ ಪ್ರವೇಶವಿಲ್ಲವೆಂಬ ಈ ಏರ್ಪಾಡು ನನಗೆ ಬಹಳ ಹಿಡಿಸಿದೆ. 1978ರ ಹವ್ಯಾಸಿ ಸೇವೆಯ ನಿಯಮಾವಳಿಯು ವ್ಯಾಪಾರದ ಮಾತು ಕೂಡದು, ಹಣ ಪಡೆದು ಸಂದೇಶ ಮುಟ್ಟಿಸಕೂಡದು, ಗುಪ್ತಲಿಪಿ ಕೂಡದು, ಸಂಗೀತ ಹಾಕಕೂಡದು, ಕರೆನಾಮವನ್ನು ಹೇಳದೆ ಮಾತನಾಡಕೂಡದು ಎಂದು ಖಚಿತವಾಗಿ ವಿಧಿಸುತ್ತದೆ. ಇಷ್ಟೆಲ್ಲ ಇದ್ದೂ ಹ್ಯಾಮ್‌ಗಳ ನಡುವೆ ಜಾಗಕ್ಕಾಗಿ ವಾದವಿವಾದಗಳು ಏಕೆ ಹುಟ್ಟುತ್ತವೆ?

ಲೆಕ್ಕವೇ ಮೊದಲ ಉತ್ತರ. ದೇಶದೊಳಗಿನ ಮಾತುಕತೆಗೆ ನಮ್ಮ ಹ್ಯಾಮ್‌ಗಳು ಅತಿಯಾಗಿ ನೆಚ್ಚಿಕೊಂಡಿರುವುದು ನಲವತ್ತು ಮೀಟರ್ ಎಂದು ಕರೆಯುವ ಪಟ್ಟಿಯನ್ನು, ಅಂದರೆ 7000ದಿಂದ 7200 ಕಿಲೋಹರ್ಟ್ಸ್‌ವರೆಗಿನ ಹರವನ್ನು. ಒಂದು ಧ್ವನಿಗೆ ಸುಮಾರು ಮೂರು ಕಿಲೋಹರ್ಟ್ಸ್ ಅಗಲದ ಜಾಗ ಬೇಕು. ಹಾಗಾದರೆ ಇಡೀ ಪಟ್ಟಿಯಲ್ಲಿ ಏಕಕಾಲಕ್ಕೆ ಅರುವತ್ತಕ್ಕೆ ಸ್ವಲ್ಪ ಹೆಚ್ಚು ಸಂಭಾಷಣೆಗಳಿಗಷ್ಟೇ ಎಡೆ. ಅದರಲ್ಲಿಯೂ ಕೆಳಭಾಗವು ಮೋರ್ಸ್ ಸಂಕೇತದವರಿಗೆ ಸಲ್ಲತಕ್ಕದ್ದು. ಪಟ್ಟಿಯ ಮೇಲ್ಭಾಗದಲ್ಲಿ ಬಹುಕಾಲ ಪ್ರಬಲವಾದ ಪ್ರಸಾರ ಕೇಂದ್ರಗಳು ಬೀಡುಬಿಟ್ಟಿದ್ದು, 2003ರ ಜಾಗತಿಕ ಸಮ್ಮೇಳನದ ತೀರ್ಮಾನದಂತೆ 2009ರ ಮಾರ್ಚ್ ಕೊನೆಗೆ ತೆರವು ಮಾಡಬೇಕಾಯಿತು. ಆ ತನಕ ನಾಲ್ಕಾರು ಮನೆಗಳ ಜನ ಒಂದೇ ಪಡಸಾಲೆಯಲ್ಲಿ ಸಂಸಾರ ಹೂಡಿದಂತಹ ಸ್ಥಿತಿ.

ಎರಡನೆಯ ಉತ್ತರ ಆಕಾಶದಲ್ಲಿದೆ. ಇದನ್ನು ತುಸು ನಿಧಾನವಾಗಿ ಹೇಳಬೇಕು. ನಡುಹಗಲಿನಲ್ಲಿ ಈ ತರಂಗಗಳು ನೆಟ್ಟಗೆ ಮೇಲೇರಿ, ಆಕಾಶದ ಎತ್ತರದ ಪದರವಾದ ಅಯಾನುಗೋಳಕ್ಕೆ ತಾಗಿ, ಕೊಡೆ ಬಿಚ್ಚಿದಂತೆ ಸುತ್ತಲೂ ಇಳಿಯುತ್ತವೆ. ಆಗ ಯಾದಗಿರಿಯವನಿಗೆ ಸುಮಾರು 160 ಕಿಲೋಮೀಟರ್ ದೂರದ ಹೈದರಾಬಾದೂ ಸುಮಾರು 425 ಕಿಲೋಮೀಟರ್ ದೂರದ ಬೆಂಗಳೂರೂ ಪಕ್ಕದ ಕೋಣೆಯಲ್ಲಿದ್ದಂತೆ. ಹೊತ್ತು ಮುಳುಗುತ್ತಲೇ ಆಕಾಶದ ಆ ಪದರ ತೆಳುವಾಗಿ, ಸಮೀಪದವರ ಧ್ವನಿ ಮಾಯವಾಗಿ, ದೂರದವರ ಧ್ವನಿ ಮೇಲೇಳುತ್ತದೆ. ಈಗ ಶಹಾಪುರದ ಒಬ್ಬನು ಸಂಜೆಯ ವೇಳೆ ಸುಮಾರು 1300 ಕಿಲೋಮೀಟರ್ ಆಚೆಯ ದಿಲ್ಲಿಯವನೊಂದಿಗೆ ಮಾತನಾಡುತ್ತಿರುವನೆಂದು ಭಾವಿಸಿರಿ. ದಿಲ್ಲಿಯವನು ಮೌನವಾಗಿ ಆಲಿಸುತ್ತಿದ್ದಾನೆ. ಬೆಂಗಳೂರಿನವನು ತನ್ನ ಗ್ರಾಹಕವನ್ನು ಅದೇ ಜಾಗಕ್ಕೆ ತಿರುಗಿಸುತ್ತಾನೆ. ಶಹಾಪುರ ಅವನಿಗೆ ಕೇಳಿಸದು, ದಿಲ್ಲಿ ಮಾತನಾಡುತ್ತಿಲ್ಲ. ಜಾಗ ಖಾಲಿಯೆಂದು ಪ್ರಾಮಾಣಿಕವಾಗಿ ನಂಬಿ ಅವನು ಕರೆ ಕೊಡುತ್ತಾನೆ. ದಿಲ್ಲಿಯ ಕಿವಿಯಲ್ಲಿ ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಎರಡೂ ಅರ್ಥವಾಗುವುದಿಲ್ಲ. ಶಹಾಪುರದವನ ಮಾತಿಗೆ ಉತ್ತರ ಬಾರದು. ಮೂವರಲ್ಲಿ ಯಾರೊಬ್ಬರೂ ತಪ್ಪು ಮಾಡದೆಯೇ ಒಂದು ಜಗಳಕ್ಕೆ ಬೇಕಾದ ಸಾಮಗ್ರಿಯೆಲ್ಲ ಸಿದ್ಧವಾಗಿದೆ.

ಈ ಕಾರಣದಿಂದಲೇ ಅನುಭವಿಗಳು ಹೊಸಬನಿಗೆ ಮೊದಲು ಕಲಿಸುವುದು ಮಾತನ್ನಲ್ಲ, ಕೇಳುವುದನ್ನು. ಒಂದು ಜಾಗಕ್ಕೆ ಬಂದೊಡನೆ ಒಂದೆರಡು ನಿಮಿಷ ಸುಮ್ಮನಿರಬೇಕು. ಆಮೇಲೆ ‘ಈ ಜಾಗ ಬಳಕೆಯಲ್ಲಿದೆಯೇ?’ ಎಂದು ಕರೆನಾಮ ಸಹಿತ ಕೇಳಿ ಕಾಯಬೇಕು, ಮತ್ತೊಮ್ಮೆ ಕೇಳಬೇಕು. ಮೋರ್ಸ್‌ನವರಿಗೆ ಇದಕ್ಕೆ ಕ್ಯೂಆರ್‌ಎಲ್ ಎಂಬ ಮೂರಕ್ಷರದ ಪ್ರಶ್ನೆಯಿದೆ. ಬಳಕೆಯಲ್ಲಿದೆ ಎಂದು ಉತ್ತರ ಬಂದರೆ ಕ್ಷಮೆ ಬೇಡಿ ಸರಿಯುವುದು ಮರ್ಯಾದೆ. ಹಾಗೆ ಸರಿಯುವುದನ್ನು ಕ್ಯೂಎಸ್‌ವೈ ಎನ್ನುತ್ತಾರೆ. ಮನುಷ್ಯಕೃತ ಅಡಚಣೆಗೆ ಕ್ಯೂಆರ್‌ಎಂ, ಗುಡುಗು ಸಿಡಿಲುಗಳಿಂದಾಗುವ ಪ್ರಕೃತಿಯ ಗದ್ದಲಕ್ಕೆ ಕ್ಯೂಆರ್‌ಎನ್ ಎಂದು ಬೇರೆ ಬೇರೆ ಹೆಸರಿಟ್ಟಿರುವುದರಲ್ಲಿಯೂ ಒಂದು ವಿವೇಕವಿದೆ. ಎರಡನೆಯದನ್ನು ಸಹಿಸಿಕೊಳ್ಳಬೇಕು, ಮೊದಲನೆಯದನ್ನು ವಿಚಾರಿಸಬೇಕು.

ವಿಚಾರಣೆಯ ಒಂದು ದಿನವನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಸುರಪುರದ ಹೊರವಲಯದಲ್ಲಿರುವ ನನ್ನ ಮಿತ್ರರೊಬ್ಬರ ಗ್ರಾಹಕದಲ್ಲಿ ಕೆಲವು ವಾರಗಳಿಂದ ಕ್ಷಣಕ್ಕೊಮ್ಮೆ ಟಕ್, ಟಕ್ ಎಂಬ ಸಪ್ಪಳ ಎಡೆಬಿಡದೆ ಬರುತ್ತಿತ್ತು. ಯಾರೋ ಹಗೆಯಿಂದ ಮಾಡುತ್ತಿರುವರೆಂಬ ಸಂಶಯ ಅವರ ಮನಸ್ಸಿನಲ್ಲಿ ಬೇರೂರಿ, ದೂರಿನ ಪತ್ರವೂ ಸಿದ್ಧವಾಗಿತ್ತು. ಅದನ್ನು ಅಂಚೆಗೆ ಹಾಕುವ ಮುನ್ನ ಸಣ್ಣ ಟ್ರಾನ್ಸಿಸ್ಟರ್ ರೇಡಿಯೊವೊಂದನ್ನು ಹಿಡಿದು ನಾವಿಬ್ಬರೂ ಹೊರಟೆವು. ಅದರೊಳಗಿನ ಫೆರೈಟ್ ಕಡ್ಡಿಯ ತುದಿಯು ಸಪ್ಪಳದ ಮೂಲದ ಕಡೆಗೆ ಮುಖ ಮಾಡಿದಾಗ ಧ್ವನಿ ಕುಗ್ಗುತ್ತದೆ, ಅಡ್ಡವಾದಾಗ ಹೆಚ್ಚುತ್ತದೆ. ಎರಡು ಕಡೆ ನಿಂತು ಈ ಕುಗ್ಗುವ ದಿಕ್ಕನ್ನು ಗುರುತಿಸಿದರೆ ಗೆರೆಗಳು ಕೂಡುವಲ್ಲಿ ಕಳ್ಳ. ಜೋಳದ ಹೊಲದ ಬದುವಿನಗುಂಟ ನಡೆದು ನಡೆದು ನಾವು ತಲುಪಿದ್ದು ಹಂದಿಗಳ ಕಾಟಕ್ಕೆಂದು ರೈತರೊಬ್ಬರು ಹಾಕಿಸಿದ್ದ ಝಟಕಾ ಬೇಲಿಗೆ. ತಂತಿಯ ಒಂದು ಗಂಟು ತುಕ್ಕು ಹಿಡಿದು ಸಡಿಲವಾಗಿತ್ತು. ಪ್ರತಿ ಝಟಕಕ್ಕೂ ಅಲ್ಲಿ ಸಾಸಿವೆಯಷ್ಟು ನೀಲಿ ಕಿಡಿ. “ನಮ್ಮ ಬೇಲಿ ಸಪ್ಪಳ ನಿಮ್ಮ ರೇಡಿಯೊದಾಗ ಕೇಳ್ತದೇನ್ರೀ ಸರ?” ಎಂದು ಆ ಹಿರಿಯರು ಬೆರಗಾದರು, ಯಂತ್ರವನ್ನು ಆರಿಸಿ, ತಾವೇ ಇಕ್ಕಳ ತಂದು ಗಂಟನ್ನು ಉಜ್ಜಿ ಬಿಗಿದರು. ಸಪ್ಪಳ ನಿಂತಿತು. ಹಗೆಯ ಮಾತು ಮತ್ತೆ ಬರಲಿಲ್ಲ. ಧೂಳು ಹಿಡಿದ ವಿದ್ಯುತ್ ಕಂಬದ ಪಿಂಗಾಣಿ, ಅಗ್ಗದ ಎಲ್‌ಇಡಿ ಬಲ್ಬು, ಸೌರ ಪಂಪಿನ ಯಂತ್ರ ಇವೆಲ್ಲ ಇದೇ ಜಾತಿಯ ನಿರಪರಾಧಿ ಅಪರಾಧಿಗಳು.

ಹ್ಯಾಮ್‌ಗಳ ಮನೆಯಲ್ಲಿಯೇ ಹುಟ್ಟುವ ತಪ್ಪುಗಳೂ ಉಂಟು. ಮೈಕಿನ ಬಲವನ್ನು ಅತಿಯಾಗಿ ಏರಿಸಿ ಮಾತನಾಡಿದರೆ ಧ್ವನಿಯು ತನ್ನ ಮೂರು ಕಿಲೋಹರ್ಟ್ಸ್‌ನ ಬದು ಒಡೆದುಕೊಂಡು ಅಕ್ಕಪಕ್ಕದವರ ಹೊಲಕ್ಕೆ ನುಗ್ಗುತ್ತದೆ. ಹೇಳಿದರೆ ‘ನನ್ನ ಯಂತ್ರ ಸರಿಯಾಗಿದೆ, ನಿಮ್ಮ ಗ್ರಾಹಕವೇ ಕೆಟ್ಟಿದೆ’ ಎಂಬ ಉತ್ತರ. ಕೇಳಿದವರು ಸೌಜನ್ಯದಿಂದ ಹೇಳುವುದೂ, ಹೇಳಿಸಿಕೊಂಡವರು ಮುನಿಸಿಲ್ಲದೆ ತಿದ್ದಿಕೊಳ್ಳುವುದೂ ಈ ಬಳಗದ ನಿಜವಾದ ಸಂಸ್ಕಾರವೆಂದು ನಾನು ತಿಳಿದಿದ್ದೇನೆ. ಇದಕ್ಕೆ ವಿರುದ್ಧವಾದ ಒಂದು ವ್ಯಾಧಿಯೆಂದರೆ ಸ್ವಯಂನಿಯುಕ್ತ ಪೊಲೀಸರದು. ಯಾರೋ ಅರಿಯದೆ ತಪ್ಪು ಜಾಗದಲ್ಲಿ ಕರೆ ಕೊಟ್ಟಾಗ, ಕರೆನಾಮವನ್ನೂ ಹೇಳದೆ ನಾಲ್ಕು ಜನ ಒಮ್ಮೆಲೇ ಗದರಲು ಎದ್ದರೆ, ಆ ಒಂದು ತಪ್ಪಿಗಿಂತ ಈ ನಾಲ್ಕು ಗದರಿಕೆಗಳೇ ಹೆಚ್ಚಿನ ಅಡಚಣೆ. ನಿಯಮವನ್ನು ಕಾಯಲು ನಿಯಮವನ್ನೇ ಮುರಿದಂತೆ.

ಇನ್ನು ಬೇಕೆಂದೇ ಕೆಡಿಸುವವರ ಮಾತು. ಇತರರ ಮಾತಿನ ಮೇಲೆ ಸಿಳ್ಳೆ ಹಾಕುವವರು, ಹಾಡು ಹಚ್ಚುವವರು, ಬರಿಯ ವಾಹಕ ತರಂಗವನ್ನು ಒತ್ತಿ ಹಿಡಿಯುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರಿಗೆ ಪ್ರತಿಯಾಗಿ ಒಂದಕ್ಷರವನ್ನೂ ಆಡಬಾರದೆಂಬುದು ಹಳಬರ ಕಟ್ಟಳೆ. ಉತ್ತರವೇ ಅವರ ಆಹಾರ. ಮಾಡಬೇಕಾದುದೆಂದರೆ ದಿನಾಂಕ, ವೇಳೆ, ಆವರ್ತಾಂಕ, ಧ್ವನಿಯ ಸ್ವರೂಪ ಇವನ್ನು ಲಾಗ್ ಪುಸ್ತಕದಲ್ಲಿ ಬರೆದಿಡುವುದು, ಸಾಧ್ಯವಾದರೆ ಧ್ವನಿಮುದ್ರಣ ಮಾಡಿಕೊಳ್ಳುವುದು, ಬೇರೆ ಬೇರೆ ಊರಿನ ಮಿತ್ರರಿಂದ ದಿಕ್ಕಿನ ಅಂದಾಜು ಪಡೆಯುವುದು, ಬಳಿಕ ಅಧಿಕೃತರಿಗೆ ತಿಳಿಸುವುದು. ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಅಂತರರಾಷ್ಟ್ರೀಯ ನಿಸ್ತಂತು ಉಸ್ತುವಾರಿ ಕೇಂದ್ರವಿದೆ; ಆಲಿಸುವುದೂ ದಿಕ್ಕು ಹಿಡಿಯುವುದೂ ಅದರ ಕಾರ್ಯ. ಪರವಾನಗಿಯಿಲ್ಲದೆ ಪ್ರೇಷಕವನ್ನು ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 1933ರ ಕಾಯಿದೆ ಹೇಳುತ್ತಿತ್ತು. ಈಗ 2023ರ ದೂರಸಂಪರ್ಕ ಅಧಿನಿಯಮವು ಬಂದಿದೆ. ಆದರೆ ಇಷ್ಟು ವಿಶಾಲವಾದ ದೇಶದಲ್ಲಿ ಬೆರಳೆಣಿಕೆಯ ಕೇಂದ್ರಗಳು ಪ್ರತಿಯೊಂದು ಸಿಳ್ಳೆಯ ಬೆನ್ನು ಹತ್ತುವುದು ಅಸಾಧ್ಯ. ಹವ್ಯಾಸಿಗಳು ‘ನರಿ ಬೇಟೆ’ ಎಂದು ಆಡುವ ಆಟ, ಅಂದರೆ ಎಲ್ಲೋ ಅಡಗಿಸಿಟ್ಟ ಪುಟ್ಟ ಪ್ರೇಷಕವನ್ನು ಕೈಯ ಆಂಟೆನಾ ಹಿಡಿದು ಹುಡುಕುವ ಸ್ಪರ್ಧೆ, ಈ ಕೊರತೆಯನ್ನು ತುಂಬುವ ಅಭ್ಯಾಸವೂ ಹೌದು.

ದಿಕ್ಕು ಹಿಡಿಯುವ ಈ ವಿದ್ಯೆಯ ಪ್ರಸ್ತಾಪ ಬಂದಾಗ 1942ನೆಯ ಇಸವಿಯನ್ನು ನೆನೆಯದೆ ಮುಂದೆ ಹೋಗಲಾರೆ. ಯುದ್ಧದ ನಿಮಿತ್ತ ಹವ್ಯಾಸಿಗಳು ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಗಿದ್ದ ಕಾಲದಲ್ಲಿ, ಸ್ವಾತಂತ್ರ್ಯ ಹೋರಾಟಗಾರ್ತಿ ಉಷಾ ಮೆಹ್ತಾ ಮತ್ತವರ ಸಂಗಡಿಗರು ಮುಂಬಯಿಯಲ್ಲಿ 42.34 ಮೀಟರಿನ ತರಂಗಾಂತರದಲ್ಲಿ ಕಾಂಗ್ರೆಸ್ ರೇಡಿಯೊವನ್ನು ನಡೆಸಿದರು. ಲೆಕ್ಕ ಹಾಕಿದರೆ ಅದು ಇಂದು ನಮ್ಮ ಹ್ಯಾಮ್‌ಗಳು ಕುಶಲ ವಿಚಾರಿಸುವ ನಲವತ್ತು ಮೀಟರಿನ ಪಟ್ಟಿಯೊಳಗೇ ಬರುತ್ತದೆ. ದಿಕ್ಕು ಹಿಡಿಯುವ ಪೊಲೀಸರಿಂದ ತಪ್ಪಿಸಿಕೊಳ್ಳಲು ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತ, ಆಗಸ್ಟ್ 27ರಿಂದ ನವೆಂಬರ್ 12ರಂದು ಸೆರೆಯಾಗುವವರೆಗೆ ಆ ಧ್ವನಿ ಮೊಳಗಿತು. ಪರದೇಶಿಯ ಕಾನೂನನ್ನು ಮುರಿದು ಸೆರೆಮನೆಯನ್ನು ಒಪ್ಪಿಕೊಂಡವರ ಆ ಗಾಳಿಯಲ್ಲಿ, ನಾವೇ ಮಾಡಿಕೊಂಡ ಕಾನೂನನ್ನು ಮೋಜಿಗಾಗಿ ಮುರಿಯುವವನನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಚಿನ ದಿನಗಳ ದೊಡ್ಡ ಉಪದ್ರವ ಬೇರೊಂದು. ಅಂಗೈಯಗಲದ ವಾಕಿಟಾಕಿಗಳು ಯಾವ ಪರವಾನಗಿಯ ಮಾತೂ ಇಲ್ಲದೆ ಮನೆ ಬಾಗಿಲಿಗೆ ಪಾರ್ಸೆಲ್ಲಾಗಿ ಬರುತ್ತಿವೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ ಮಾರಾಟಕ್ಕಾಗಿ 13 ಆನ್‌ಲೈನ್ ಮಾರಾಟಗಾರರಿಗೆ ನೋಟಿಸು ಕೊಟ್ಟಿತು. ಜಾತ್ರೆಯ ಬಂದೋಬಸ್ತಿಗೋ ತೋಟದ ಕೆಲಸಕ್ಕೋ ಇವನ್ನು ಕೊಂಡವರು 144ರಿಂದ 146 ಮೆಗಾಹರ್ಟ್ಸ್‌ನ ಹವ್ಯಾಸಿ ಪಟ್ಟಿಯಲ್ಲಿ ಹರಟಲು ಇಳಿಯುತ್ತಾರೆ. ಅನೇಕರಿಗೆ ತಾವು ಅಪರಾಧ ಮಾಡುತ್ತಿರುವುದೇ ತಿಳಿಯದು. ಅಂತಹವರಿಗಾಗಿಯೇ 2018ರಲ್ಲಿ 446.0ದಿಂದ 446.2 ಮೆಗಾಹರ್ಟ್ಸ್‌ವರೆಗಿನ ಪುಟ್ಟ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ಆ ಪಟ್ಟಿಗೆಂದೇ ಮಾಡಿದ, ಸರಕಾರದ ಅನುಮೋದನೆಯ ಗುರುತಿರುವ ಯಂತ್ರವನ್ನು ಕೇಳಿ ಕೊಂಡರೆ ಯಾರಿಗೂ ತೊಂದರೆಯಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕಟ್ಟುನಿಟ್ಟೇಕೆಂದು ಕೇಳುವವರಿಗೆ 2004ರ ಡಿಸೆಂಬರ್ 26ನ್ನು ನೆನಪಿಸುವೆನು. ಅಂಡಮಾನಿಗೆ ಸುನಾಮಿ ಅಪ್ಪಳಿಸಿ ದೂರವಾಣಿಗಳು ಮೂಕವಾದಾಗ, ಹವ್ಯಾಸದ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತವರ ತಂಡದ ಯಂತ್ರಗಳು ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವು. ಆ ಗಳಿಗೆಯಲ್ಲಿ ಅದೇ ಜಾಗದ ಮೇಲೆ ಒಬ್ಬನು ಸಿಳ್ಳೆ ಹಾಕಿದ್ದರೆ? ದೂರವೇಕೆ, ನಮ್ಮ ಸುರಪುರ ಸೀಮೆಯ ನೀಲಕಂಠರಾಯನ ಗಡ್ಡಿಯನ್ನೇ ನೋಡಿರಿ. ಕೃಷ್ಣೆ ತುಂಬಿ ಬಂದು ಆ ನಡುಗಡ್ಡೆಯ ದಾರಿ ಮುಚ್ಚಿದಾಗ ಅಲ್ಲಿನ ಜನ ದಿನಗಟ್ಟಲೆ ಸಂಪರ್ಕವಿಲ್ಲದೆ ಉಳಿದುದನ್ನು ಈ ಭಾಗದವರೆಲ್ಲರೂ ಬಲ್ಲರು. ಅಂತಹ ಕಡೆ ಒಂದು ಬ್ಯಾಟರಿ, ಎರಡು ಕೋಲಿನ ನಡುವೆ ಕಟ್ಟಿದ ಸುಮಾರು ಇಪ್ಪತ್ತು ಮೀಟರ್ ತಂತಿ, ಅದನ್ನು ಬಳಸಬಲ್ಲ ಒಬ್ಬ ಮನುಷ್ಯ ಇಷ್ಟಿದ್ದರೆ ಜಿಲ್ಲಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬಹುದು.

ಆದುದರಿಂದ ಯಾದಗಿರಿ, ಶಹಾಪುರ, ಸುರಪುರಗಳ ಕಾಲೇಜುಗಳ ಭೌತಶಾಸ್ತ್ರದ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ವ್ಯಕ್ತಿಗಳಂತೆಯೇ ಸಂಸ್ಥೆಗಳೂ ಕ್ಲಬ್ಬುಗಳೂ ಹವ್ಯಾಸಿ ಪರವಾನಗಿಯನ್ನು ಪಡೆಯಬಹುದು. ಮೊದಲ ವರ್ಷ ಪ್ರೇಷಕದ ಗೊಡವೆ ಬೇಡ. ಒಂದು ಗ್ರಾಹಕವನ್ನಿಟ್ಟು, ಕಾಲೇಜಿನ ಮಾಳಿಗೆಯ ಮೇಲೆ ತಂತಿ ಕಟ್ಟಿ, ಹತ್ತು ಹುಡುಗ ಹುಡುಗಿಯರನ್ನು ಸಂಜೆಯ ಹೊತ್ತು ಕೇಳಲು ಕೂರಿಸಿರಿ, ಕೇಳಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆಯಿಸಿರಿ. ಮರುವರ್ಷ ಅವರನ್ನು ಪರೀಕ್ಷೆಗೆ ಕಳುಹಿಸಿರಿ.