ನಾಯಿಮರಿಯ ಮೊದಲ ಹದಿನಾರು ವಾರ

ಮೊದಲ ಸಲ ನಾಯಿಮರಿ ತಂದವರೆಲ್ಲ ಪಶುವೈದ್ಯರನ್ನು ಕೇಳುವ ಮಾತೊಂದಿದೆ: ‘ಹೋದ ತಿಂಗಳು ಇಂಜೆಕ್ಷನ್ ಹಾಕಿಸಿದ್ದೆವಲ್ಲ ಡಾಕ್ಟ್ರೇ, ಮತ್ತೆ ಯಾಕೆ?’ ಇದರ ಉತ್ತರ ಮನಸ್ಸಿಗೆ ಇಳಿಯದವರು ಎರಡನೆಯದಕ್ಕೋ ಮೂರನೆಯದಕ್ಕೋ ಹೋಗುವುದನ್ನೇ ಬಿಡುತ್ತಾರೆ. ಎಷ್ಟೋ ಮರಿಗಳು ಸಾಯುವುದು ಅಲ್ಲಿಯೇ.

ಹುಟ್ಟಿದ ಮರಿ ಮೊದಲು ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯಗಳಿರುತ್ತವೆ. ಮರಿಯ ಕರುಳು ಅವನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಸುಮಾರು 24 ಗಂಟೆ ಮಾತ್ರ. ಆಮೇಲೆ ಆ ದಾರಿ ಮುಚ್ಚುತ್ತದೆ. ಹೀಗೆ ಬಂದ ರಕ್ಷಣೆ ವಾರ ಕಳೆದಂತೆ ಕರಗುತ್ತ ಹೋಗುತ್ತದೆ. ತೊಡಕಿರುವುದು ಇಲ್ಲಿ. ತಾಯಿಯ ಪ್ರತಿಕಾಯಗಳಿಗೆ ರೋಗದ ವೈರಸ್ಸು ಬೇರೆ, ಲಸಿಕೆಯ ವೈರಸ್ಸು ಬೇರೆ ಎಂಬ ಭೇದವಿಲ್ಲ. ಅವು ರಕ್ತದಲ್ಲಿ ಇನ್ನೂ ಸಾಕಷ್ಟಿರುವಾಗ ಲಸಿಕೆ ಕೊಟ್ಟರೆ ಅದನ್ನೂ ಹೊಡೆದುಹಾಕುತ್ತವೆ, ಮರಿಯ ದೇಹ ಏನನ್ನೂ ಕಲಿಯುವುದಿಲ್ಲ. ಒಂದು ಮರಿಯಲ್ಲಿ ಅವು ಎಂಟು ವಾರಕ್ಕೆ ಮುಗಿದರೆ ಅದೇ ಸೂಲಿನ ಇನ್ನೊಂದರಲ್ಲಿ ಹದಿನಾಲ್ಕು ವಾರದವರೆಗೂ ಉಳಿಯಬಹುದು. ನಡುವೆ ಕೆಲವು ದಿನ ಇನ್ನೂ ಕೆಟ್ಟ ಸ್ಥಿತಿ: ರೋಗವನ್ನು ತಡೆಯಲು ಸಾಲದಷ್ಟು, ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟು ಪ್ರತಿಕಾಯ.

ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು–ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಲಸಿಕೆ ಹಾಕುತ್ತಾರೆ. ಯಾವುದಾದರೂ ಒಂದು ಸರಿಯಾದ ಹೊತ್ತಿಗೆ ಬೀಳಲಿ ಎಂಬುದು ಲೆಕ್ಕ. ಹಾಗಾಗಿ ಕೊನೆಯದನ್ನು ತಪ್ಪಿಸಿದರೆ ಹಿಂದಿನವೆಲ್ಲ ವ್ಯರ್ಥವಾಗಿರುವ ಸಾಧ್ಯತೆ ಇದ್ದೇ ಇದೆ.

ಇಷ್ಟು ಒತ್ತಿ ಹೇಳುವುದು ಪಾರ್ವೊ ಎಂಬ ರೋಗದ ದೆಸೆಯಿಂದ. 1978ರ ಸುಮಾರಿಗೆ ಕಾಣಿಸಿಕೊಂಡ ಈ ವೈರಸ್ಸು ಒಂದೆರಡು ವರ್ಷದಲ್ಲೇ ಭೂಮಿಯ ಉದ್ದಗಲಕ್ಕೆ ಹಬ್ಬಿತು. ಕರುಳಿನ ಒಳಪದರವನ್ನೂ ಎಲುಬಿನ ಮಜ್ಜೆಯನ್ನೂ ಅದು ನಾಶಮಾಡುತ್ತದೆ. ವಾಂತಿ, ರಕ್ತಭೇದಿ, ನೀರಿನಂಶ ಬತ್ತಿ ಕೆಲವೇ ದಿನದಲ್ಲಿ ಸಾವು. ಮರಿ ಊಟ ಬಿಟ್ಟು ಮುದುಡಿ ಮಲಗಿ ವಾಂತಿ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಈ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಗೆ ಅಂಟಿ ಮನೆಯೊಳಗೆ ಬರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಬ್ಲೀಚಿಂಗ್ ಪೌಡರ್ ಕದಡಿದ ನೀರು ಬೇಕು. ಪಾರ್ವೊದಿಂದ ಮರಿ ಸತ್ತ ಮನೆಗೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ತಕ್ಷಣ ತರಲೇಬಾರದು.

ಹಾಗಾದರೆ ಹದಿನಾರು ವಾರ ಮರಿಯನ್ನು ಕೋಣೆಯಲ್ಲಿ ಕೂಡಿಹಾಕೋಣವೇ? ಅದೂ ಅಷ್ಟೇ ದೊಡ್ಡ ಅನ್ಯಾಯ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಾನುಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಈ ವಿಷಯಕ್ಕೆ ಆಧಾರ. ಸುಮಾರು ಮೂರರಿಂದ ಹನ್ನೆರಡು ವಾರದೊಳಗೆ ಮರಿ ಯಾರನ್ನು, ಏನನ್ನು ಸಲೀಸಾಗಿ ಕಾಣುತ್ತದೆಯೋ ಅದಕ್ಕೆ ಮುಂದೆ ಬೆದರುವುದು ಕಡಿಮೆ. ಆ ಕಾಲ ಮನುಷ್ಯರ ಮುಖ ಕಾಣದೆ ಕಳೆದುಹೋದರೆ ಕಾಡುಪ್ರಾಣಿಯಂತೆ ದೂರವೇ ಉಳಿಯುತ್ತದೆ. ದೊಡ್ಡ ನಾಯಿ ಹೆದರಿ ಕಚ್ಚುವುದಕ್ಕೆ ಎಷ್ಟೋ ಸಲ ಕಾರಣ ಈ ವಾರಗಳಲ್ಲಿ ಇರುತ್ತದೆ.

ರೋಗಕ್ಕೆ ಬಾಗಿಲು ತೆರೆದಿರುವ ವಾರಗಳೂ ಲೋಕವನ್ನು ಕಲಿಯುವ ವಾರಗಳೂ ಒಂದರ ಮೇಲೊಂದು ಬಂದಿವೆ. ಎರಡನ್ನೂ ನಿಭಾಯಿಸುವ ದಾರಿ ಸರಳ. ಮರಿಯನ್ನು ಬೀದಿಯ ನೆಲಕ್ಕೆ ಇಳಿಸದೆ ಎತ್ತಿಕೊಂಡೇ ಸಂತೆ, ಬಸ್ ಸ್ಟ್ಯಾಂಡ್ ತೋರಿಸಿ. ಕುಕ್ಕರ್ ವಿಷಲ್, ಮಿಕ್ಸಿ, ತಮಟೆಯ ಸದ್ದು ದೂರದಿಂದ ಕೇಳಲಿ. ಅಜ್ಜ, ಮಕ್ಕಳು, ಹೆಲ್ಮೆಟ್ ಹಾಕಿದವರು ಮನೆಗೆ ಬಂದು ಮುಟ್ಟಲಿ. ಲಸಿಕೆಯಾದ ಆರೋಗ್ಯವಂತ ನಾಯಿಯೊಡನೆ ಅಂಗಳದಲ್ಲಿ ಆಡಲಿ. ಇನ್ನೊಂದು ಮಾತು: ಎಂಟು ವಾರ ತುಂಬುವ ಮೊದಲೇ ಮಾರುವವರಿಂದ ಮರಿ ಕೊಳ್ಳಬೇಡಿ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ.

ಊಟದ ವಿಷಯಕ್ಕೆ ಬಂದರೆ, ನಾಯಿಗೆ ಮುದ್ದೆ–ಅನ್ನ ಹಾಕುವುದು ತಪ್ಪೆಂದು ಗದರಿಸುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಪಿಷ್ಟವನ್ನು ಒಡೆಯುವ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಮನುಷ್ಯರ ಒಲೆಯ ಪಕ್ಕ ಸಾವಿರಾರು ವರ್ಷ ಬಾಳಿದ ಗುರುತು ಅದು. ಚೆನ್ನಾಗಿ ಬೆಂದ ರಾಗಿ, ಅಕ್ಕಿ ನಾಯಿಗೆ ಅರಗುತ್ತವೆ. ಆದರೆ ಬೆಳೆಯುವ ಮರಿಗೆ ಬರೀ ಹಾಲು–ಅನ್ನದಲ್ಲಿ ಪ್ರೋಟೀನೂ ಖನಿಜಗಳೂ ಸಾಲವು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಅಥವಾ ಮರಿಗಳಿಗೆಂದೇ ಇರುವ ಆಹಾರ ಜೊತೆಗೆ ಬೇಕು. ಮಿಕ್ಕ ಹುಳಿ–ಸಾರು ಕಲಸಿ ಹಾಕುವ ಅಭ್ಯಾಸವನ್ನಂತೂ ಬಿಡಲೇಬೇಕು: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ದ್ರಾಕ್ಷಿ, ಚಾಕೊಲೇಟು ವಿಷ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಮರಿಯ ಮೈ ಬಿಸಿ ಎನಿಸಿದರೆ ಗಾಬರಿಯಾಗಿ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ನಾಯಿಯ ಸಹಜ ತಾಪಮಾನವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಮಾತ್ರೆ ಅದರ ಯಕೃತ್ತನ್ನು ಕೆಡಿಸಬಲ್ಲದು.

ಜಂತುಹುಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಗೆ ದಾಟುತ್ತದೆ. ಆದ್ದರಿಂದ ಜಂತಿನ ಔಷಧ ಎರಡು ವಾರದ ಪ್ರಾಯದಿಂದಲೇ ಬೇಕು. ತಂದ ದಿನವೇ ವೈದ್ಯರನ್ನು ಕೇಳಿ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮತ್ತೆ, ತಪ್ಪದೆ. ಅದಾಗುವ ಮೊದಲು ಮರಿ ಆಟಕ್ಕೆ ಹಲ್ಲು ತಾಗಿಸಿ ಚರ್ಮ ತರಚಿದರೂ ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ‘ಚಿಕ್ಕ ಮರಿ, ಏನಾಗುತ್ತದೆ’ ಎಂದು ಮಕ್ಕಳ ಗಾಯವನ್ನು ಅರಿಶಿನ ಹಚ್ಚಿ ಮುಚ್ಚಬೇಡಿ. ರೋಗದ ಲಕ್ಷಣ ಕಂಡ ಮೇಲೆ ರೇಬೀಸಿಗೆ ಚಿಕಿತ್ಸೆ ಇಲ್ಲ. ಅದಕ್ಕೆ ಮೊದಲು ಕೊಟ್ಟ ಲಸಿಕೆ ಜೀವ ಉಳಿಸುತ್ತದೆ.