ಮನಸ್ಸು ಮಂಕಾಗಿದೆಯೇ? ಮೂಡ್ ಬರಲಿ ಅಂತ ಕಾಯಬೇಡಿ

ಮಕ್ಕಳು ಶಾಲೆಗೆ, ಯಜಮಾನರು ಆಫೀಸಿಗೆ. ಮನೆಯೆಲ್ಲ ನಿಶ್ಶಬ್ದ. ಸಿಂಕ್ ತುಂಬ ಪಾತ್ರೆ, ಬಕೆಟ್ ತುಂಬ ಬಟ್ಟೆ. ಮೊದಲೆಲ್ಲ ಹನ್ನೊಂದರೊಳಗೆ ಎಲ್ಲ ಮುಗಿಸಿ, ಒಂದು ಲೋಟ ಕಾಫಿ ಹಿಡಿದು ಪೇಪರ್ ಓದಲು ಕೂರುತ್ತಿದ್ದಿರಿ. ಈಗ ಸೋಫಾದಿಂದ ಏಳೋದಕ್ಕೇ ಆಗುತ್ತಿಲ್ಲ. ಟೀವಿ ಓಡುತ್ತಿರುತ್ತೆ, ಏನು ನೋಡಿದಿರಿ ಅಂದರೆ ನೆನಪಿಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳಿಕೊಂಡರೆ, "ನಿಂಗೇನೇ ಕಡಿಮೆಯಾಗಿದೆ? ಒಳ್ಳೆ ಗಂಡ, ಮುತ್ತಿನಂಥ ಮಕ್ಕಳು. ಸುಮ್ನೆ ಏನೇನೋ ಯೋಚ್ನೆ ಮಾಡ್ಬೇಡ" ಅಂತಾರೆ. ಅಷ್ಟು ಕೇಳಿದ ಮೇಲೆ ಬೇಸರದ ಜೊತೆಗೆ 'ನಂದೇ ತಪ್ಪೇನೋ' ಅನ್ನುವ ಕೊರಗೂ ಸೇರಿಕೊಳ್ಳುತ್ತೆ.

ಬೇಜಾರು ಯಾರಿಗಾಗಲ್ಲ ಹೇಳಿ? ಎರಡು ದಿನ ಇದ್ದು ಹೋಗುವ ಬೇಜಾರಿಗೆ ಖಿನ್ನತೆ ಅನ್ನೋ ದೊಡ್ಡ ಹೆಸರು ಬೇಕಿಲ್ಲ. ಆದರೆ ಎರಡು ವಾರ, ಹೆಚ್ಚೂಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಭಾರವಾಗಿದ್ದರೆ, ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅದರ ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದ್ದರೆ ಅದು ಸುಮ್ಮನೆ ಬಿಡುವ ವಿಷಯವಲ್ಲ. ನಮ್ಮಲ್ಲಿ ಎಷ್ಟೋ ಹೆಂಗಸರು 'ಮನಸ್ಸು ಸರಿಯಿಲ್ಲ' ಅನ್ನುವುದೇ ಇಲ್ಲ. ಮೈಕೈ ನೋವು, ತಲೆನೋವು, ಸುಸ್ತು ಅನ್ನುತ್ತಾರೆ. ನೋವಿನ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆಯುತ್ತಾರೆ.

ಹಾಗಾಗಿ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿಬಿಡಿ. ಥೈರಾಯ್ಡ್ ಕಡಿಮೆಯಾದರೂ, ಹಿಮೋಗ್ಲೋಬಿನ್ ಇಳಿದರೂ, ಬಿ12 ವಿಟಮಿನ್ ಕೊರತೆಯಾದರೂ ಇದೇ ರೀತಿ ಸುಸ್ತು, ಇದೇ ಮಂಕು. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದು ಇನ್ನೂ ಹೆಚ್ಚು. ಕಾರಣ ಅಲ್ಲೇ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಮನೆಯಲ್ಲೇ ಏನು ಮಾಡಬಹುದು?

ಖಿನ್ನತೆ ಒಂದು ಮೋಸ ಮಾಡುತ್ತೆ. "ಸ್ವಲ್ಪ ಮೂಡ್ ಬರಲಿ, ಆಮೇಲೆ ಮಾಡ್ತೀನಿ" ಅಂತ ನಿಮ್ಮ ಬಾಯಲ್ಲೇ ಹೇಳಿಸುತ್ತೆ. ಮನಸ್ಸಿಲ್ಲ ಅಂತ ನೀವು ಪಾರ್ಕಿಗೆ ಹೋಗುವುದು ಬಿಟ್ಟಿರಿ, ಗೆಳತಿಯ ಫೋನ್ ಎತ್ತುವುದು ಬಿಟ್ಟಿರಿ. ಖುಷಿ ಕೊಡುತ್ತಿದ್ದ ಸಂಗತಿಗಳು ಒಂದೊಂದಾಗಿ ಕಳಚಿಕೊಂಡವು. ಖುಷಿ ಕೊಡುವುದೇನೂ ಉಳಿಯದಾಗ ಮನಸ್ಸು ಇನ್ನೂ ಕುಗ್ಗುತ್ತೆ, ಕುಗ್ಗಿದ ಮನಸ್ಸು ಇನ್ನಷ್ಟು ಬಿಡಿಸುತ್ತೆ. ಗಾಣದೆತ್ತಿನ ಹಾಗೆ ಅದೇ ಸುತ್ತು. ಈ ಸುತ್ತನ್ನು ಮುರಿಯುವ ದಾರಿ ತಲೆಕೆಳಗು: ಮೊದಲು ಕೆಲಸ, ಮೂಡ್ ಆಮೇಲೆ ಹಿಂದಿನಿಂದ ಬರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲೇ ಈ ದಾರಿ ತೋರಿಸಿದ್ದರು.

ಅಮೆರಿಕದ ಮಾತು ನಮಗ್ಯಾಕೆ ಅನ್ನುತ್ತೀರಾ? ಪಕ್ಕದ ಗೋವಾಕ್ಕೇ ಬನ್ನಿ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು 500 ಜನರ ಮೇಲೆ ಒಂದು ಅಧ್ಯಯನ ನಡೆಸಿದರು. ಸಣ್ಣಪುಟ್ಟ ಬೇಜಾರಿನವರಲ್ಲ, ತೀವ್ರ ಖಿನ್ನತೆ ಇದ್ದವರು. ಸಲಹೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ, ಮುಖ್ಯವಾಗಿ ಇದೇ ಪಾಠ. ಮೂರು ತಿಂಗಳ ಕೊನೆಗೆ ಸಲಹೆ ಪಡೆದವರಲ್ಲಿ ಶೇ. 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಈ ಸಲಹೆ ಸಿಗದವರಲ್ಲಿ ಹೊರಬಂದವರು ಶೇ. 39. ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ನೀವು ಮಾಡಬೇಕಾದ್ದು ಇಷ್ಟು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದೇ ಸಾಕು. ನಾಳೆಗೆ ಒಂದೇ ಒಂದು ಕೆಲಸ ಬರೆಯಿರಿ, ಗಂಟೆ ಸಮೇತ. 'ನಾಳೆಯಿಂದ ಲವಲವಿಕೆಯಿಂದ ಇರುತ್ತೇನೆ' ಅಂತ ಬರೆದರೆ ಪ್ರಯೋಜನವಿಲ್ಲ. 'ಒಂಬತ್ತು ಗಂಟೆಗೆ ಸ್ನಾನ ಮಾಡಿ, ನೈಟಿ ಬದಲಿಸಿ, ತಲೆ ಬಾಚಿಕೊಳ್ಳುವುದು' ಅಂತ ಬರೆಯಿರಿ. ನಗಬೇಡಿ, ಮಂಕು ಕವಿದವರಿಗೆ ಇದೂ ಬೆಟ್ಟ ಹತ್ತಿದ ಹಾಗೆಯೇ. ಮಾಡಿದಿರಾ, ಒಂದು ಗುರುತು ಹಾಕಿ. ಮಾಡಲಾಗಲಿಲ್ಲವಾ, ಬೈದುಕೊಳ್ಳಬೇಡಿ. ಕೆಲಸ ದೊಡ್ಡದಾಯಿತು ಅಂತ ಅರ್ಥ, ಅರ್ಧ ಮಾಡಿ. ನಾಲ್ಕೈದು ದಿನಕ್ಕೆ ಇನ್ನೊಂದು ಸೇರಿಸಿ: ಸಂಜೆ ಐದಕ್ಕೆ ತಂಗಿಗೆ ಫೋನ್, ಬುಧವಾರ ಮಾರ್ಕೆಟ್ಟಿಗೆ ಹೋಗಿ ಒಂದು ಮೊಳ ಮಲ್ಲಿಗೆ.

ಒಂದು ಮಾತು ಮಾತ್ರ ನೆನಪಿಡಿ. ಪಾತ್ರೆ, ಬಟ್ಟೆ, ಅಡುಗೆಯನ್ನೇ ಈ ಪಟ್ಟಿಗೆ ತುಂಬಬೇಡಿ. "ದಿನವಿಡೀ ದುಡೀತಾನೇ ಇರ್ತೀನಲ್ಲ, ಇನ್ನೆಂಥ ಕೆಲಸ?" ಅಂತ ನೀವು ಕೇಳಬಹುದು. ಅದೇ ತೊಂದರೆ. ಮನೆಗೆಲಸಕ್ಕೆ ಕೊನೆ ಅನ್ನೋದಿಲ್ಲ, ಯಾರೂ ಭೇಷ್ ಅನ್ನೋದೂ ಇಲ್ಲ. ತೊಳೆದಿಟ್ಟ ಪಾತ್ರೆ ಸಂಜೆಗೆ ಮತ್ತೆ ಸಿಂಕಿನಲ್ಲಿ. ಪಟ್ಟಿಯಲ್ಲಿ ನಿಮಗೋಸ್ಕರ ಮಾಡುವ ಒಂದಾದರೂ ಇರಲಿ. ಮದುವೆಗೆ ಮುಂಚೆ ಹಾಡುತ್ತಿದ್ದಿರಾ? ಕ್ರೋಶಾ ಹಾಕುತ್ತಿದ್ದಿರಾ? ದೊಡ್ಡ ರಂಗೋಲಿ ಬಿಡಿಸುತ್ತಿದ್ದಿರಾ? ಹತ್ತು ನಿಮಿಷ ಅದಕ್ಕಿರಲಿ. ಮೊದಲ ವಾರ ಖುಷಿ ಅನಿಸದೇ ಇರಬಹುದು, ಆದರೂ ಮಾಡಿ.

ಚಪ್ಪಲಿ ಮೆಟ್ಟಿ ಹೊರಡಿ

ಎರಡನೆಯದು ನಡಿಗೆ. ತೂಕ ಇಳಿಸಲು ಅಂದುಕೊಂಡರೆ ಬೇಜಾರಾಗುತ್ತೆ, ಅದು ಬೇಡ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಜೊತೆಗಾರರು ಖಿನ್ನತೆಯಿದ್ದ 156 ಮಂದಿಯನ್ನು ಮೂರು ಗುಂಪು ಮಾಡಿದರು. ಎಲ್ಲರೂ 50 ದಾಟಿದವರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಬಿರುಸಿನ ವ್ಯಾಯಾಮ, ಇನ್ನೊಂದಕ್ಕೆ ಮಾತ್ರೆ, ಮತ್ತೊಂದಕ್ಕೆ ಎರಡೂ. ಹದಿನಾರು ವಾರದ ಹೊತ್ತಿಗೆ ಮೂರು ಗುಂಪಿನವರೂ ಹೆಚ್ಚೂಕಡಿಮೆ ಒಂದೇ ಸಮನೆ ಸುಧಾರಿಸಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಗುಣ ಬೇಗ ಕಾಣಿಸಿತು ಅನ್ನುವುದನ್ನೂ ಹೇಳಲೇಬೇಕು.

ಶೂ, ಜಿಮ್ ಏನೂ ಬೇಡ. ಮಕ್ಕಳನ್ನು ವ್ಯಾನ್ ಹತ್ತಿಸಿದವರು ಹಾಗೇ ಮನೆಗೆ ಬರದೆ ಬೀದಿ ಕೊನೆಯವರೆಗೆ ಹೋಗಿ ಬನ್ನಿ. ಮನೆಗೆ ಬಂದು ಕೂತರೆ ಮತ್ತೆ ಎದ್ದ ಹಾಗೆಯೇ! ಬೆಳಗಿನ ಬಿಸಿಲು ಮೈಗೆ ಬಿದ್ದರೆ ರಾತ್ರಿ ನಿದ್ದೆಗೂ ಒಳ್ಳೆಯದು. ಹತ್ತು ನಿಮಿಷದಿಂದ ಶುರುಮಾಡಿ, ಅರ್ಧ ಗಂಟೆ ತಾನಾಗಿ ಆಗುತ್ತೆ. ಜೊತೆಗೆ ಪಕ್ಕದ ಮನೆಯವರು ಬಂದರೆ ಇನ್ನೂ ಚೆನ್ನ, ಸೊಸೆಯರ ಅತ್ತೆಯರ ಪುರಾಣ ಬೇಕಾದರೆ ಆಡಿಕೊಳ್ಳಿ! ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ವಾರಕ್ಕೊಮ್ಮೆ ಲಾಲ್‌ಬಾಗೋ, ನಿಮ್ಮೂರಿನ ಕೆರೆ ದಂಡೆಯೋ, ಗೆಳತಿಯ ಮನೆಯೋ, ಹತ್ತಿ ಹೋಗಿ ಬನ್ನಿ.

ಊಟದ ವಿಷಯದಲ್ಲಿ ಪವಾಡವಿಲ್ಲ. ಎಲ್ಲರದ್ದೂ ಆದ ಮೇಲೆ, ಮೂರು ಗಂಟೆಗೆ ಉಳಿದದ್ದು ತಿನ್ನುವ ಅಭ್ಯಾಸ ಮೊದಲು ಬಿಡಿ. ರಾಗಿ, ಸೊಪ್ಪು, ಮೊಳಕೆ ಕಾಳು ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲಿ. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಮಧ್ಯಾಹ್ನ ಮಲಗಿದರೂ ಅರ್ಧ ಗಂಟೆ ಸಾಕು. ರಾತ್ರಿ ನಿದ್ದೆ ಬರಲಿ ಬಿಡಲಿ, ಏಳುವ ಹೊತ್ತು ಮಾತ್ರ ದಿನಾ ಒಂದೇ ಇರಲಿ.

'ನ್ಯಾಚುರಲ್' ಅಂತ ಬರೆದ ಡಬ್ಬಿಗಳ ಬಗ್ಗೆ ಎಚ್ಚರಿಕೆ. ಅಶ್ವಗಂಧ ಥೈರಾಯ್ಡ್ ಮಟ್ಟವನ್ನು ಬದಲಿಸಬಹುದು, ಕೆಲವರಲ್ಲಿ ಲಿವರ್‌ಗೂ ತೊಂದರೆ ಮಾಡಿದ್ದುಂಟು, ಗರ್ಭಿಣಿಯರಿಗೆ ಬೇಡವೇ ಬೇಡ. ಸೇಂಟ್ ಜಾನ್ಸ್ ವರ್ಟ್ ಅನ್ನುವ ವಿದೇಶಿ ಮೂಲಿಕೆಯ ಮಾತ್ರೆ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೇ ಕುಂದಿಸುತ್ತೆ, ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ. ಮೆಡಿಕಲ್ ಶಾಪ್‌ನವರನ್ನು ಕೇಳಿ ನಿದ್ದೆ ಮಾತ್ರೆ ತರಿಸಿಕೊಳ್ಳುವುದಂತೂ ಖಂಡಿತ ಬೇಡ.

ಮನೆಯವರಿಗೆ ಹೇಳುವಾಗ "ನಂಗೆ ಬೇಜಾರು" ಅಂದರೆ "ಎಲ್ಲರಿಗೂ ಇರುತ್ತೆ" ಅನ್ನುವ ಉತ್ತರ ಸಿದ್ಧವಾಗಿರುತ್ತೆ. ಬದಲಿಗೆ, "ಎರಡು ವಾರದಿಂದ ನಿದ್ದೆಯಿಲ್ಲ. ಸಂಜೆ ಅರ್ಧ ಗಂಟೆ ಮಗೂನ ನೋಡ್ಕೊಳ್ರಿ, ನಾನು ನಡೆದು ಬರ್ತೀನಿ" ಅನ್ನಿ. ಏನು ಬೇಕು ಅಂತ ಬಿಡಿಸಿ ಹೇಳಿದರೆ ಗಂಡಸರಿಗೆ ಬೇಗ ಅರ್ಥವಾಗುತ್ತೆ.

ಮೂರ್ನಾಲ್ಕು ವಾರ ಇಷ್ಟೆಲ್ಲ ಮಾಡಿಯೂ ಹಗುರವಾಗದಿದ್ದರೆ, ಅಡುಗೆ ಮನೆಗೂ ಕಾಲಿಡಲಾಗದಷ್ಟು ಕುಸಿದಿದ್ದರೆ ವೈದ್ಯರ ಹತ್ತಿರ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಖಾಸಗಿ ಕ್ಲಿನಿಕ್ಕಿನ ಹಾಗೆ ಕೈ ಸುಡುವುದಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ನಿದ್ದೆ ಮಾತ್ರೆಯಂತೆ ಚಟ ಹತ್ತಿಸುವುದಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಈ ಲೇಖನ ಓದಿ ನಿಲ್ಲಿಸಿಬಿಡಬೇಡಿ. ನಡಿಗೆ, ಕ್ಯಾಲೆಂಡರ್ ಎಲ್ಲ ಅದರ ಜೊತೆಗೆ.

'ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು', 'ಸತ್ತರೆ ಸಾಕು' ಅನ್ನುವ ಯೋಚನೆ ಬಂತೋ, ವಾರಗಳನ್ನು ಎಣಿಸುತ್ತಾ ಕೂರಬೇಡಿ. ಆ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಅಕ್ಕನೋ, ಪಕ್ಕದ ಮನೆಯವರೋ, ಯಾರನ್ನಾದರೂ ಕರೆಯಿರಿ. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಅಂತ ತೋಚದಿದ್ದರೆ, "ನನಗೆ ಎಷ್ಟೋ ದಿನದಿಂದ ಮನಸ್ಸು ಸರಿಯಿಲ್ಲ" ಅನ್ನಿ. ಮುಂದಿನದನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.