ಸೆರೆಮನೆಯಲ್ಲಿ ಸಿಕ್ಕ ವ್ಯಾಕರಣ

ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ 1777ರ ಜುಲೈ 4ರಂದು ಒಬ್ಬ ಮಾಜಿ ಪಾದ್ರಿಯ ವಿಚಾರಣೆ ನಡೆಯಿತು. ಹೆಸರು ಜಾನ್ ಹಾರ್ನ್. ಎರಡು ವರ್ಷದ ಹಿಂದೆ ಅಮೆರಿಕದ ಲೆಕ್ಸಿಂಗ್ಟನ್, ಕಾಂಕರ್ಡ್ ಊರುಗಳಲ್ಲಿ ಇಂಗ್ಲಿಷ್ ಸಿಪಾಯಿಗಳ ಗುಂಡಿಗೆ ಬಲಿಯಾದವರ ಹೆಂಡಿರು ಮಕ್ಕಳಿಗೆ ನೂರು ಪೌಂಡ್ ಕೂಡಿಸಿ ಕಳಿಸುತ್ತೇವೆಂದು ಈತ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದ್ದ. ಅದರಲ್ಲಿ ಸತ್ತರು ಅನ್ನದೆ ಕೊಲೆಯಾದರು ಅಂದುಬಿಟ್ಟಿದ್ದ. ಸರ್ಕಾರಕ್ಕೆ ಅಷ್ಟು ಸಾಕಾಯಿತು. 200 ಪೌಂಡ್ ದಂಡ, ಒಂದು ವರ್ಷ ಸೆರೆ.

ದಂಡ ಕಟ್ಟಿ, ಶಿಕ್ಷೆ ಮುಗಿಸಿ ಮನೆಗೆ ಹೋಗುವ ಆಸಾಮಿ ಇವನಲ್ಲ. ತೀರ್ಪಿನ ವಿರುದ್ಧ ಮೇಲಕ್ಕೆ ಹೋದ. ಅಲ್ಲಿ ವಾದ ಸಿಪಾಯಿ, ಅಮೆರಿಕ, ರಾಜ ಎಲ್ಲವನ್ನೂ ಬಿಟ್ಟು ಮೂರು ಪುಟ್ಟ ಪದಗಳ ಮೇಲೆ ಬಂದು ನಿಂತಿತು. ಆರೋಪಪಟ್ಟಿಯಲ್ಲಿ ಆ ಬರಹ ರಾಜನ ಸರ್ಕಾರದ ‘ಆಫ್ ಆಂಡ್ ಕನ್ಸರ್ನಿಂಗ್’ ಬರೆದದ್ದು ಎಂದಿತ್ತು. ಇಷ್ಟು ಹೇಳಿದರೆ ಆರೋಪ ನೇರವಾಗಿ ಹೊರಿಸಿದಂತಾಯಿತೇ? ಇದರ ಜೊತೆಗೆ ಒಬ್ಬ ಹೆಂಗಸಿನ ಮೇಲಿನ ಹಳೇ ಮೊಕದ್ದಮೆಯೂ ಚರ್ಚೆಗೆ ಬಂತು. ಕ್ರುಕ್ ಎಂಬವನ ಮೇಲೆ ಫೋರ್ಜರಿ ಆರೋಪ ದಾಖಲಾಗಿದೆ ಎಂದು ತಿಳಿದೂ ಆಕೆ ಹೀಗೆ ಹೀಗೆ ಮಾಡಿದಳು ಅನ್ನುವುದು ಆ ಕೇಸು. ಇಂಗ್ಲಿಷಿನಲ್ಲಿ ‘ಶಿ, ನೋಯಿಂಗ್ ದಟ್’ ಎಂದು ಶುರು. ಕ್ರುಕ್ ಮೇಲೆ ಆರೋಪವಿತ್ತು ಎಂಬುದನ್ನು ದಟ್‌ನ ಕೆಳಗೆ ತೂರಿಸಿದ್ದೀರಿ, ಬಿಡಿಸಿ ಹೇಳಿಲ್ಲ ಎಂದು ಅದನ್ನು ಆಗ ತಳ್ಳಿಹಾಕಿದ್ದರು.

ಹಾರ್ನ್ ಸೆರೆಮನೆಯಲ್ಲಿ ಕೂತು ಈ ವಾಕ್ಯವನ್ನು ಬಿಚ್ಚಿದ. ದಟ್ ಎನ್ನುವುದು ಕಂಜಂಕ್ಷನ್ ಎಂದು ನಿಮಗೆ ಹೇಳಿದವರು ಯಾರು? ಅದು ‘ಅದು’ ಅಷ್ಟೇ. ಕ್ರುಕ್ ಮೇಲೆ ಆರೋಪವಿತ್ತು. ಅದು ತಿಳಿದೂ ಆಕೆ ಹೀಗೆ ಮಾಡಿದಳು. ಎರಡು ವಾಕ್ಯ, ನಡುವೆ ಬೆರಳು ತೋರಿಸುವ ಒಂದು ಪದ. ಕನ್ನಡದವರಿಗೆ ಇದರಲ್ಲಿ ಬೆರಗೇನೂ ಕಾಣದು, ನಾವು ದಿನಾ ಮಾತಾಡುವುದೇ ಈ ಕ್ರಮದಲ್ಲಿ. ಆದರೆ ಲ್ಯಾಟಿನ್ ಅಚ್ಚಿನಲ್ಲಿ ಇಂಗ್ಲಿಷನ್ನು ಎರಕ ಹೊಯ್ದು ಕಲಿತಿದ್ದ ವಕೀಲರಿಗೆ ಅದು ಹೊಸದು. 1778ರಲ್ಲಿ ತನ್ನ ವಕೀಲ ಜಾನ್ ಡನಿಂಗ್‌ಗೆ ಬರೆದ ಬಹಿರಂಗ ಪತ್ರವಾಗಿ ಇದನ್ನು ಅಚ್ಚು ಹಾಕಿಸಿದ. ಎರಡು ಪ್ರಿಪೊಸಿಷನ್, ಒಂದು ಕಂಜಂಕ್ಷನ್ ಸೇರಿ ತನ್ನನ್ನು ಜೈಲಿಗೆ ಹಾಕಿದವು ಎಂದು ಮುಂದೆ ಹೇಳಿಕೊಂಡ.

ಆ ಎರಡರಲ್ಲಿ ಒಂದಾದ ಕನ್ಸರ್ನಿಂಗ್‌ನ ಬಾಲ ನೋಡಿ. ‘ಇಂಗ್’. ಕಮಿಂಗ್, ಗೋಯಿಂಗ್, ಈಟಿಂಗ್‌ಗಳಿಗಿರುವ ಅದೇ ಬಾಲ. ವ್ಯಾಕರಣದ ಪಟ್ಟಿಯಲ್ಲಿ ಇದರ ಹೆಸರು ಪ್ರಿಪೊಸಿಷನ್, ಮೈಕಟ್ಟು ಮಾತ್ರ ಕ್ರಿಯಾಪದದಿಂದ ಹುಟ್ಟಿದ ಪಾರ್ಟಿಸಿಪಲ್‌ನದು. ಹಾಗಾದರೆ ಮಿಕ್ಕ ಪ್ರಿಪೊಸಿಷನ್ನುಗಳೂ ಯಾವುದೋ ಕಾಲದಲ್ಲಿ ಕ್ರಿಯಾಪದವೋ ನಾಮಪದವೋ ಆಗಿದ್ದಿರಬೇಕಲ್ಲ, ಸವೆದು ಸವೆದು ಗುರುತು ಸಿಗದಂತಾಗಿರಬೇಕಲ್ಲ? ಇದು ಅವನ ತಲೆಗೆ ಹೊಕ್ಕ ಹುಳ. 1786ರಲ್ಲಿ ‘ದಿ ಡೈವರ್ಷನ್ಸ್ ಆಫ್ ಪರ್ಲಿ’ ಎಂಬ ಪುಸ್ತಕವಾಗಿ ಹೊರಬಂತು. ಪರ್ಲಿ ಎಂದರೆ ಅವನ ಗೆಳೆಯ ವಿಲಿಯಂ ಟುಕ್‌ನ ಎಸ್ಟೇಟು. ಆ ಗೆಳೆಯನ ಹೆಸರನ್ನೂ ತನ್ನದಕ್ಕೆ ಸೇರಿಸಿಕೊಂಡು ಅಷ್ಟರಲ್ಲಿ ಈತ ಹಾರ್ನ್ ಟುಕ್ ಆಗಿದ್ದ.

ಪುಸ್ತಕದ ತುಂಬ ತಪ್ಪುಗಳಿವೆ. ‘ಥ್ರೂ’ ಬಂದದ್ದು ಬಾಗಿಲು ಎಂಬರ್ಥದ ಪದದಿಂದ ಎಂದ. ‘ಇಫ್’ ಎಂದರೆ ‘ಗಿವ್’, ಅಂದರೆ ಕೊಡು ಎಂದ. ಎರಡೂ ನಿಲ್ಲಲಿಲ್ಲ. ಶಬ್ದ ಬದಲಾಗುವುದಕ್ಕೂ ನಿಯಮಗಳಿವೆ ಎಂಬ ಅರಿವು ಬರಲು ಇನ್ನೂ ಕಾಲವಿತ್ತು, ಅವನು ಕಿವಿಗೆ ಹತ್ತಿರ ಕೇಳಿಸಿದ್ದನ್ನೆಲ್ಲ ನಂಟಸ್ತಿಕೆ ಅಂದುಕೊಂಡ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್‌ನಂಥವರೂ ಈತನನ್ನು ನಂಬಿ ದಾರಿ ತಪ್ಪಿದರು. ಆದರೂ ನನ್ನ ಲೆಕ್ಕದಲ್ಲಿ ಟುಕ್‌ನದು ದೊಡ್ಡ ಕಾಣ್ಕೆಯೇ. ವಿಳಾಸಗಳು ತಪ್ಪಿದ್ದವು, ಊರು ಸರಿಯಾಗಿತ್ತು.

ಸರಿಯಾದ ವಿಳಾಸಗಳು ಸಿಕ್ಕಿದ್ದು ಹಳೆಯ ದಾಖಲೆಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟ ಮೇಲೆ. ‘ಡ್ಯೂರಿಂಗ್’ ತೆಗೆದುಕೊಳ್ಳಿ. ಬಾಳು, ಉಳಿ ಎಂಬರ್ಥದ ‘ಡ್ಯೂರ್’ ಎಂಬ ಕ್ರಿಯಾಪದ ಇಂಗ್ಲಿಷಿನಲ್ಲಿತ್ತು. ವಕೀಲರ ಲ್ಯಾಟಿನ್‌ನಲ್ಲಿ ‘ಡುರಾಂಟೆ ವೀಟಾ’ ಎಂದರೆ ಜೀವವು ನಡೆಯುತ್ತಿರಲಾಗಿ. ಅದೇ ಕಟ್ಟಿನಲ್ಲಿ ‘ಡ್ಯೂರಿಂಗ್ ದ ವಾರ್’, ಯುದ್ಧವು ನಡೆಯುತ್ತಿರಲಾಗಿ. ಇಲ್ಲಿ ಯುದ್ಧ ಕರ್ತೃ. ಬರಬರುತ್ತ ‘ಡ್ಯೂರ್’ ಬಳಕೆ ತಪ್ಪಿತು, ಡ್ಯೂರಿಂಗ್ ಅನಾಥವಾಗಿ ಉಳಿಯಿತು, ಮುಂದಿನ ನಾಮಪದಕ್ಕೆ ಅಂಟಿಕೊಂಡು ಪ್ರಿಪೊಸಿಷನ್ ಅನ್ನಿಸಿಕೊಂಡಿತು. ‘ನಾಟ್‌ವಿತ್‌ಸ್ಟಾಂಡಿಂಗ್’ ಕೂಡ ಕೋರ್ಟಿನ ಕೂಸೇ, ಈ ನಿಯಮವು ಅಡ್ಡ ನಿಲ್ಲದೆ ಎಂಬುದು ಮೂಲ. ಅದನ್ನು ಇವತ್ತಿಗೂ ನಾಮಪದದ ಹಿಂದೆಯೂ ಹಾಕಬಹುದು, ಮುಂದೆಯೂ ಹಾಕಬಹುದು. ಪೂರ್ತಿ ಪ್ರಿಪೊಸಿಷನ್ ಆಗಿ ಇನ್ನೂ ನೆಲೆ ನಿಂತಿಲ್ಲ. ನಮ್ಮ ಸಂವಿಧಾನದ ಇಂಗ್ಲಿಷ್ ಪಾಠದಲ್ಲಿ ಅದು ಎಷ್ಟು ಸಲ ಬರುತ್ತದೆಂದು ವಕೀಲರನ್ನೇ ಕೇಳಬೇಕು. ‘ಟೂ ಇಯರ್ಸ್ ಅಗೋ’ದ ಅಗೋ ಕೂಡ ಹೋದ, ಕಳೆದ ಎಂಬ ಪಾರ್ಟಿಸಿಪಲ್. ಎರಡು ವರ್ಷ ಕಳೆದು, ಅಷ್ಟೇ.

ಹೀಗೆ ತುಂಬು ಅರ್ಥದ ಪದ ಸವೆದು ವ್ಯಾಕರಣದ ಕೀಲಾಗುವುದಕ್ಕೆ ಫ್ರಾನ್ಸಿನ ಆಂಟ್ವಾನ್ ಮೆಯೆ 1912ರಲ್ಲಿ ಹೆಸರು ಕೊಟ್ಟ. ಗ್ರಾಮಟಿಕಲೈಸೇಷನ್. ಕನ್ನಡ ವ್ಯಾಕರಣ ಓದಿದವರು ಇಲ್ಲಿ ಸಣ್ಣಗೆ ನಗಬಹುದು. ಕನ್ಸರ್ನಿಂಗ್‌ಗೆ ಕನ್ನಡ ಏನು? ‘ಕುರಿತು’. ಗುರಿಯಿಡು, ಉದ್ದೇಶಿಸು ಎಂಬರ್ಥದ ‘ಕುರಿ’ ಎಂಬ ಹಳೆಯ ಧಾತುವಿನಿಂದ ಬಂದದ್ದು. ಧಾತು ಮರೆಯಾಯಿತು, ಕುರಿತು ಮಾತ್ರ ‘ಅವನನ್ನು ಕುರಿತು’ ಎಂದು ನಾಮಪದದ ಬೆನ್ನಿಗೆ ಬಿದ್ದು ಬದುಕಿದೆ. ‘ನಿನ್ನನ್ನು ಬಿಟ್ಟು ಎಲ್ಲರೂ ಬಂದರು’ ಎಂಬಲ್ಲಿ ಯಾರೂ ಏನನ್ನೂ ಕೈಯಿಂದ ಬಿಟ್ಟಿಲ್ಲ. ‘ಅಂದಿನಿಂದ ಹಿಡಿದು’ ಎಂಬಲ್ಲಿ ಹಿಡಿದವರೂ ಇಲ್ಲ. ನಮ್ಮ ವ್ಯಾಕರಣ ಇಂಥ ರೂಪಗಳನ್ನು ಕೃದಂತಾವ್ಯಯ ಅನ್ನುತ್ತದೆ. ಟುಕ್‌ನ ಇಡೀ ಪುಸ್ತಕ ಆ ಒಂದು ಪದದಲ್ಲಿ ಕೂತಿದೆ.

ಇದು ಕತೆಯ ಅರ್ಧ. ಪಾರ್ಟಿಸಿಪಲ್ ಸವೆದು ಪ್ರಿಪೊಸಿಷನ್ ಆಗುವುದು ಗೊತ್ತಾಯಿತು. ಪ್ರಿಪೊಸಿಷನ್ನು ಕ್ರಿಯಾವಿಶೇಷಣದ ಸಾಲಿಗೆ ದಾಟುವುದು ಇನ್ನೊಂದು ಒಗಟು. ಸಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಇದರ ಬಗ್ಗೆ ಗೊಣಗಿದ್ದ. ಕ್ರಿಯಾಪದದ ಹಿಂದೆ ಒಂದು ತುಂಡುಪದ ಸೇರಿಸಿ ಅರ್ಥವನ್ನೇ ಬೇರೆ ಮಾಡಿಬಿಡುವ ಚಾಳಿ ಇಂಗ್ಲಿಷಿಗೆ ವಿಪರೀತ, ಪರದೇಶದವರು ಎಡವುವುದು ಅಲ್ಲೇ ಎಂದು. ಎಡವಿದವರಲ್ಲಿ ನಾನೂ ಒಬ್ಬ. ‘ಅಪ್‌ಹೋಲ್ಡ್’ ಎಂದರೆ ಎತ್ತಿಹಿಡಿ, ‘ಹೋಲ್ಡ್ ಅಪ್’ ಎಂದರೆ ತಡೆದು ನಿಲ್ಲಿಸು. ‘ಓವರ್‌ಟೇಕ್’ ಲಾರಿಯವನು ಮಾಡುವುದು, ‘ಟೇಕ್ ಓವರ್’ ಕಂಪನಿಯವನು ಮಾಡುವುದು. ಪದಗಳು ಅವೇ, ಹಿಂದುಮುಂದು ಅಷ್ಟೇ.

ಈ ಜೋಡಿಗಳ ರಾಶಿ ಎಷ್ಟು ದೊಡ್ಡದೆಂದು ಮೈಮೇಲೆ ಹಾಕಿಕೊಂಡು ನೋಡಿದವನು ಹೆನ್ರಿ ಬ್ರಾಡ್ಲಿ. ಶೆಫೀಲ್ಡ್‌ನ ಚಾಕು ಚೂರಿ ಮಾಡುವ ಕಂಪನಿಯೊಂದರಲ್ಲಿ 20 ವರ್ಷ ಗುಮಾಸ್ತನಾಗಿದ್ದು, ತಾನೇ ಭಾಷೆಗಳನ್ನು ಕಲಿತು, ಕೊನೆಗೆ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾದವನು. ಎಸ್ ಅಕ್ಷರದ ಮೊದಲ ಭಾಗ ಅವನ ಪಾಲಿಗೆ ಬಂತು. ಅದರಲ್ಲೇ ‘ಸೆಟ್’ ಎಂಬ ಕ್ರಿಯಾಪದ ಇತ್ತು. ಅದೊಂದೇ ಪದ 18 ಪುಟ ದಾಟಿತು, 154 ವಿಭಾಗವಾಯಿತು. ಕೊನೆಯ ವಿಭಾಗ ‘ಸೆಟ್ ಅಪ್’. ಅದರ ಒಳಅರ್ಥಗಳಿಗೆ ಎ, ಬಿ, ಸಿ ಎಂದು ಗುರುತು ಹಾಕುತ್ತ ಹೋದರೆ ಝೆಡ್‌ಗೆ ಮುಗಿಯಲಿಲ್ಲ. ಮತ್ತೆ ಎಎ, ಬಿಬಿ ಎಂದು ಶುರುಮಾಡಿ ಆರ್‌ಆರ್‌ವರೆಗೆ ಹೋಗಬೇಕಾಯಿತು. ಲೋಗನ್ ಪಿಯರ್ಸಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಇಂಥ ಜೋಡಿಗಳನ್ನು ‘ಫ್ರೇಸಲ್ ವರ್ಬ್’ ಎಂದು ಕರೆದ. ಆ ಹೆಸರು ಸೂಚಿಸಿದ್ದು ಬ್ರಾಡ್ಲಿ ಎಂದು ಅಲ್ಲಿಯೇ ಹೇಳಿದ್ದಾನೆ. ನಲವತ್ತನಾಲ್ಕು ಸಲ ಸೆಟ್ ಅಪ್ ಬಿಡಿಸಿದವನಿಗೆ ಹೆಸರಿಡುವ ಹಕ್ಕಿತ್ತು.

ಹೆಸರು ಬಂತು. ಆ ಹಿಂದಿನ ತುಂಡುಪದ ಯಾವ ಜಾತಿ ಎಂಬುದು ಮಾತ್ರ ಹಾಗೇ ಉಳಿಯಿತು. ‘ಹಿ ಈಸ್ ಇನ್ ದ ಹೌಸ್’ ಎಂದರೆ ಇನ್ ಪ್ರಿಪೊಸಿಷನ್, ಬರೀ ‘ಹಿ ಈಸ್ ಇನ್’ ಎಂದರೆ ಅದೇ ಇನ್ ಆಡ್‌ವರ್ಬ್ ಎಂದು ಪಠ್ಯಪುಸ್ತಕ ಹೇಳುತ್ತಿತ್ತು. ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ 1924ರಲ್ಲಿ ಇದಕ್ಕೆ ಒಂದು ಸರಳ ಪ್ರಶ್ನೆ ಹಾಕಿದ. ಕ್ರಿಯಾಪದಕ್ಕೆ ಕರ್ಮ ಇರಬಹುದು, ಇಲ್ಲದಿರಬಹುದು. ‘ಉಂಡ’ ಎಂದರೂ ಕ್ರಿಯಾಪದ, ‘ಅನ್ನ ಉಂಡ’ ಎಂದರೂ ಕ್ರಿಯಾಪದವೇ. ಇನ್‌ಗೆ ಮಾತ್ರ ಯಾಕೆ ಎರಡು ಜಾತಿ? ಅರ್ಧ ಶತಮಾನ ಇದನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1972ರಲ್ಲಿ ಜೋಸೆಫ್ ಎಮಂಡ್ಸ್ ಇಂಥ ತುಂಡುಪದಗಳು ಕರ್ಮವಿಲ್ಲದ ಪ್ರಿಪೊಸಿಷನ್ನುಗಳೇ ಎಂದು ವಾದಿಸಿದ. ಪರೀಕ್ಷೆ ಮನೆಯಲ್ಲೇ ಮಾಡಬಹುದು: ನೇರವಾಗಿ ಎಂಬರ್ಥದ ‘ರೈಟ್’ ಸೇರಿಸಿ ನೋಡಿ. ರೈಟ್ ಇನ್‌ಟು ದ ಹೌಸ್ ಸರಿ, ರೈಟ್ ಇನ್ ಕೂಡ ಸರಿ. ರೈಟ್ ಸ್ಲೋಲಿ ಎಂದರೆ ಇಂಗ್ಲಿಷಿನವರು ಹುಬ್ಬೇರಿಸುತ್ತಾರೆ. ಹಡಲ್‌ಸ್ಟನ್ ಮತ್ತು ಪುಲಮ್ 2002ರಲ್ಲಿ ತಂದ ಕೇಂಬ್ರಿಜ್ ವ್ಯಾಕರಣ ಈ ವಾದವನ್ನು ಒಪ್ಪಿಕೊಂಡಿತು.

ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆ ಪ್ರ, ಅನು, ಪ್ರತಿ ಮೊದಲಾದವನ್ನು ಒಂದೇ ಪಟ್ಟಿಯಲ್ಲಿ ಇಟ್ಟಿದ್ದ. ಧಾತುವಿಗೆ ಸೇರಿದರೆ ಉಪಸರ್ಗ. ಅವುಗಳಲ್ಲಿ ಕೆಲವು ಬಿಡಿಯಾಗಿ ನಿಂತು ನಾಮಪದಕ್ಕೆ ವಿಭಕ್ತಿ ಕೊಡಿಸಿದರೆ ಕರ್ಮಪ್ರವಚನೀಯ. ಕೆಲಸ ಎರಡು, ಪದ ಒಂದೇ ಎಂದು ಅವನಿಗೆ ಅನುಮಾನವೇ ಇರಲಿಲ್ಲ. ಕನ್ನಡದಲ್ಲಂತೂ ‘ಒಳಗೆ ಬಾ’, ‘ಮನೆಯ ಒಳಗೆ ಬಾ’ ಎರಡರ ಒಳಗೆಯೂ ಒಂದೇ.

ಹೈಸ್ಕೂಲಿನಲ್ಲಿ ‘ಕಮ್ ಇನ್’ನ ಇನ್ ಪ್ರಿಪೊಸಿಷನ್ ಎಂದು ಬರೆದು ಕೆಂಪು ಗೆರೆ ಎಳೆಸಿಕೊಂಡದ್ದು ನನಗೆ ನೆನಪಿದೆ. ಹೆಚ್ಚಿನ ನಿಘಂಟುಗಳು, ಶಾಲಾ ಪುಸ್ತಕಗಳು ಅದನ್ನು ಈಗಲೂ ಆಡ್‌ವರ್ಬ್ ಎಂದೇ ಕರೆಯುತ್ತವೆ. ನಿಮ್ಮ ಮನೆಯ ಮಗು ಇದೇ ಉತ್ತರ ಬರೆದು ಅರ್ಧ ಅಂಕ ಕಳೆದುಕೊಂಡು ಬಂದರೆ ದಯವಿಟ್ಟು ಗದರಬೇಡಿ.